ವಿದೇಶದಲ್ಲಿ ವಾಹನ ಓಡಿಸಲು ಯಾವ ಪರವಾನಗಿ ಬೇಕು: ಐಡಿಪಿ ಪಡೆಯುವ ಕ್ರಮ ಮತ್ತು ಅದರ ಮಿತಿ

ನಮ್ಮಲ್ಲಿ ಎಲ್ಲರೂ ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಎಂದು ಕರೆಯುವ ದಾಖಲೆ ವಾಸ್ತವದಲ್ಲಿ ಲೈಸೆನ್ಸೇ ಅಲ್ಲ. ಅದರ ಸರಿಯಾದ ಹೆಸರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಚಿಕ್ಕದಾಗಿ ಐಡಿಪಿ. ನಿಮ್ಮ ಊರಿನ ಆರ್‌ಟಿಒ ಕೊಟ್ಟ ಡಿಎಲ್ ಕಾರ್ಡಿನಲ್ಲಿ ಏನಿದೆಯೋ ಅದನ್ನು ಬೇರೆ ದೇಶದ ಪೊಲೀಸರು ಓದಿ ಅರ್ಥ ಮಾಡಿಕೊಳ್ಳುವ ರೂಪಕ್ಕೆ ಇಳಿಸಿ, ಸೀಲು ಹಾಕಿ ಕೊಡುವ ಪುಸ್ತಿಕೆ ಅದು. ಮೂಲ ಡಿಎಲ್ ಜೊತೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ, ಭಾರತದೊಳಗೆ ಅದನ್ನು ತೋರಿಸಿ ಒಂದು ಸ್ಕೂಟರನ್ನೂ ಓಡಿಸುವಂತಿಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಮುಂದೆ ಬರುವ ಗೊಂದಲಗಳಲ್ಲಿ ಅರ್ಧಕ್ಕರ್ಧ ತಾನಾಗಿಯೇ ಬಗೆಹರಿಯುತ್ತದೆ.

ಅರ್ಜಿ ಎಲ್ಲಿ ಹಾಕಬೇಕು, ಎಷ್ಟು ಶುಲ್ಕ ಎಂಬ ಪ್ರಶ್ನೆಗಳಿಗಿಂತ ಮೊದಲು ಎರಡು ವಿಷಯಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು. ನೀವು ಹೋಗುತ್ತಿರುವ ದೇಶದ ಕಾನೂನಿನ ಕಣ್ಣಿನಲ್ಲಿ ನೀವು ಬಂದು ಹೋಗುವ ಪ್ರವಾಸಿಗರೋ ಅಥವಾ ಅಲ್ಲಿ ಮನೆ ಮಾಡುವ ನಿವಾಸಿಯೋ ಎಂಬುದು ಒಂದು. ಭಾರತ ಕೊಡುವ ಪರ್ಮಿಟ್ಟನ್ನು ಆ ದೇಶ ಒಪ್ಪುತ್ತದೆಯೋ ಇಲ್ಲವೋ ಎಂಬುದು ಇನ್ನೊಂದು. ಇವೆರಡನ್ನು ನೋಡದೆ ನೇರವಾಗಿ ಅರ್ಜಿ ಹಾಕಿ, ಪುಸ್ತಿಕೆ ಹಿಡಿದು ವಿಮಾನ ಹತ್ತಿದವರು ಅಲ್ಲಿ ಇಳಿದ ಮೇಲೆ ಪೇಚಿಗೆ ಸಿಲುಕುತ್ತಾರೆ.

ಪ್ರವಾಸಿಯೋ, ನಿವಾಸಿಯೋ

ಐಡಿಪಿ ಇರುವುದು ಪ್ರವಾಸಿಗಾಗಿ. ಇದು ನನ್ನ ವ್ಯಾಖ್ಯಾನವಲ್ಲ. ಭಾರತದ ಪರ್ಮಿಟ್ಟಿಗೆ ಆಧಾರವಾಗಿರುವ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಅನುಬಂಧದಲ್ಲಿ ಪರ್ಮಿಟ್ಟಿನ ಮಾದರಿಯನ್ನೇ ಕೊಡಲಾಗಿದ್ದು, ಪರ್ಮಿಟ್ ಇದ್ದರೂ ತಾನು ಸಂಚರಿಸುವ ಪ್ರತಿ ದೇಶದ ವಾಸಕ್ಕೆ ಸಂಬಂಧಿಸಿದ ಕಾನೂನುಗಳನ್ನು ಪಾಲಿಸುವ ಹೊಣೆ ಚಾಲಕನಿಗೆ ಇದ್ದೇ ಇರುತ್ತದೆ ಎಂಬ ವಾಕ್ಯ ಆ ಮಾದರಿಯಲ್ಲಿಯೇ ಇದೆ. ಮೂರು ವಾರದ ಯುರೋಪ್ ಪ್ರವಾಸಕ್ಕೆ ಹೊರಟವರಿಗೆ ಐಡಿಪಿ ಸಾಕು. ಎರಡು ವರ್ಷದ ಕೆಲಸಕ್ಕೆ ಹೊರಟ ಎಂಜಿನಿಯರಿಗೆ, ಎಂ.ಎಸ್. ಓದಲು ಹೊರಟ ವಿದ್ಯಾರ್ಥಿಗೆ ಅದು ಹೆಚ್ಚೆಂದರೆ ಮೊದಲ ಕೆಲವು ವಾರ ಅಥವಾ ತಿಂಗಳುಗಳ ಆಸರೆ, ಆಮೇಲೆ ಆ ನೆಲದ ಲೈಸೆನ್ಸನ್ನೇ ಪಡೆಯಬೇಕು.

ಈ ‘ಆಮೇಲೆ’ ಎಂಬುದು ದೇಶದಿಂದ ದೇಶಕ್ಕೆ, ಅಮೆರಿಕದಂಥ ಕಡೆ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಪುಸ್ತಿಕೆಯ ಮೇಲೆ ಒಂದು ವರ್ಷ ಎಂದು ಬರೆದಿದೆ, ಆದ್ದರಿಂದ ಒಂದು ವರ್ಷ ನಿಶ್ಚಿಂತೆ ಎಂದು ತಿಳಿಯುವುದು ಅತ್ಯಂತ ಸಾಮಾನ್ಯವಾದ ತಪ್ಪು. ಆ ಒಂದು ವರ್ಷ ಪುಸ್ತಿಕೆಯ ಆಯುಸ್ಸೇ ಹೊರತು ನಿಮಗೆ ಆ ದೇಶ ಕೊಟ್ಟ ಗಡುವಲ್ಲ.

ಯಾವ ಒಪ್ಪಂದದ ಪರ್ಮಿಟ್

ಜಗತ್ತಿನಲ್ಲಿ ಐಡಿಪಿಗಳು ಒಂದೇ ಬಗೆಯವಲ್ಲ. 1926ರ ಪ್ಯಾರಿಸ್ ಒಪ್ಪಂದ, 1949ರ ಜಿನೀವಾ ಒಪ್ಪಂದ, 1968ರ ವಿಯೆನ್ನಾ ಒಪ್ಪಂದ ಎಂದು ಮೂರು ಒಪ್ಪಂದಗಳಿವೆ. ಯಾವ ದೇಶ ಯಾವುದಕ್ಕೆ ಸೇರಿದೆ ಎಂಬುದರ ಮೇಲೆ ಅದು ಯಾವ ಪುಸ್ತಿಕೆಯನ್ನು ಒಪ್ಪುತ್ತದೆ ಎಂಬುದು ನಿಂತಿದೆ. ಭಾರತ ಸೇರಿರುವುದು ಜಿನೀವಾ ಒಪ್ಪಂದಕ್ಕೆ. ವಿಯೆನ್ನಾ ಒಪ್ಪಂದದ ಪರ್ಮಿಟ್ಟಿಗೆ ಮೂರು ವರ್ಷದವರೆಗೂ ಸಿಂಧುತ್ವ ಇರಬಹುದು, ನಮ್ಮದಕ್ಕೆ ಒಂದೇ ವರ್ಷ.

ಜಪಾನ್ ಜಿನೀವಾ ಮಾದರಿಯ ಪರ್ಮಿಟ್ಟನ್ನು ಮಾತ್ರ ಒಪ್ಪುವ ದೇಶ. ಆದ್ದರಿಂದ ವಿಯೆನ್ನಾ ಪುಸ್ತಿಕೆ ಹಿಡಿದು ಬರುವ ಪ್ರವಾಸಿಗಳಿಗೆ ಅಲ್ಲಿ ಆಗುವ ತೊಂದರೆ ನಮಗಿಲ್ಲ. ಅಲ್ಲಿಯೂ ವಾಹನಗಳು ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡುವುದರಿಂದ ಬೆಂಗಳೂರಿನ ಚಾಲಕನಿಗೆ ಜಪಾನ್ ಒಂದು ರೀತಿಯಲ್ಲಿ ಸಲೀಸು. ದಕ್ಷಿಣ ಕೊರಿಯಾ ಕೂಡ ಜಿನೀವಾ ಪರ್ಮಿಟ್ಟನ್ನು ಒಪ್ಪುತ್ತದೆ. ಥಾಯ್ಲೆಂಡ್ ಎರಡೂ ಒಪ್ಪಂದಗಳಲ್ಲಿ ಇದೆ.

ವಿಯೆಟ್ನಾಮಿನ ಕಥೆ ಬೇರೆ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದಿಂದ ಅಲ್ಲಿಗೆ ಹೋಗುವವರು ಹೆಚ್ಚಿದ್ದಾರೆ. ಹೋದವರಲ್ಲಿ ಅನೇಕರು ಬೈಕ್ ಬಾಡಿಗೆಗೆ ಪಡೆದು ಉತ್ತರದ ಗುಡ್ಡಗಾಡಿನ ರಸ್ತೆಗಳಲ್ಲಿ ಸುತ್ತುತ್ತಾರೆ. ಆದರೆ ವಿಯೆಟ್ನಾಂ ಒಪ್ಪುವುದು ವಿಯೆನ್ನಾ ಒಪ್ಪಂದದ ಪರ್ಮಿಟ್ಟನ್ನು ಮಾತ್ರ. ಭಾರತದ ಪುಸ್ತಿಕೆಗೆ ಅಲ್ಲಿ ಮಾನ್ಯತೆ ಇಲ್ಲದ ಕಾರಣ, ಅದಕ್ಕೆಂದೇ ಸಾವಿರ ರೂಪಾಯಿ ಕಟ್ಟಿ ಮಾಡಿಸಿಕೊಂಡರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬೈಕ್ ಕೊಡುವ ಅಂಗಡಿಯವರು ಏನೂ ಕೇಳದೆ ಕೀಲಿ ಕೊಡುತ್ತಾರೆ ಎಂಬುದು ಇದಕ್ಕೆ ಉತ್ತರವಾಗದು. ಅಪಘಾತವಾದಾಗ ಪ್ರಯಾಣ ವಿಮೆಯವರು ಮೊದಲು ಕೇಳುವುದು ಆ ದೇಶದಲ್ಲಿ ಆ ವಾಹನ ಓಡಿಸಲು ನಿಮಗೆ ಕಾನೂನುಬದ್ಧ ಅರ್ಹತೆ ಇತ್ತೇ ಎಂದು. ಇಲ್ಲ ಎಂದಾದರೆ ಆಸ್ಪತ್ರೆಯ ಖರ್ಚು ನಿಮ್ಮ ತಲೆಗೇ ಬರುವ ಸಾಧ್ಯತೆ ಹೆಚ್ಚು. ಚೀನಾದ ಮುಖ್ಯಭೂಮಿಯಲ್ಲಂತೂ ಯಾವ ಐಡಿಪಿಯೂ ನಡೆಯುವುದಿಲ್ಲ.

ಶ್ರೀಲಂಕಾದಲ್ಲಿ ಪುಸ್ತಿಕೆ ಇದ್ದರೂ ಅಷ್ಟರಿಂದಲೇ ಮುಗಿಯುವುದಿಲ್ಲ. ಅದಕ್ಕೆ ಸ್ಥಳೀಯ ಅನುಮೋದನೆ ಹಾಕಿಸಿಕೊಳ್ಳಬೇಕು, ಇಲ್ಲವೇ ಅಲ್ಲಿನ ಮೋಟಾರು ಸಂಚಾರ ಇಲಾಖೆಯಿಂದ ತಾತ್ಕಾಲಿಕ ಪರ್ಮಿಟ್ ಪಡೆಯಬೇಕು. ನೇಪಾಳ ಮತ್ತು ಭೂತಾನಿಗೆ ನಮ್ಮ ಡಿಎಲ್ ಸಾಕು. ಸ್ವಂತ ವಾಹನ ಒಯ್ಯುವವರಿಗೆ ಅಲ್ಲಿ ಬೇಕಾಗುವುದು ವಾಹನದ ಪರ್ಮಿಟ್. ನೇಪಾಳದ ಗಡಿಯಲ್ಲಿ ಅದನ್ನು ‘ಭನ್ಸಾರ್’ ಎನ್ನುತ್ತಾರೆ.

ಅರ್ಜಿಗೆ ಮೊದಲು ನಿಮ್ಮ ಡಿಎಲ್ ಒಮ್ಮೆ ತೆಗೆದು ನೋಡಿ

ಐಡಿಪಿ ಒಂದು ವರ್ಷಕ್ಕೆ ಅಥವಾ ಡಿಎಲ್ ಮುಗಿಯುವ ದಿನದವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಸಿಂಧು. ಡಿಎಲ್ ಇನ್ನು ನಾಲ್ಕು ತಿಂಗಳಿಗೆ ಮುಗಿಯುವುದಿದ್ದರೆ ಪರ್ಮಿಟ್ಟೂ ನಾಲ್ಕೇ ತಿಂಗಳು. ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಬಳಿಕ ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಲು ಅವಕಾಶವಿದೆ. ಅವಧಿ ಮುಗಿದ ಮೇಲೂ ಡಿಎಲ್ ನಡೆಯುತ್ತಿದ್ದ ಮೂವತ್ತು ದಿನಗಳ ರಿಯಾಯಿತಿ ಈಗಿಲ್ಲದ ಕಾರಣ ಆ ಅವಕಾಶವನ್ನು ಬಳಸಿಕೊಳ್ಳುವುದು ಒಳ್ಳೆಯದು. ನಲವತ್ತು ದಾಟಿದವರು ನವೀಕರಣಕ್ಕೆ ವೈದ್ಯರಿಂದ ನಮೂನೆ 1ಎ ಭರ್ತಿ ಮಾಡಿಸಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಹೊರಡುವ ಎರಡು ತಿಂಗಳ ಮೊದಲೇ ಇದನ್ನು ಮುಗಿಸಿಬಿಡಿ.

ಮುಂದೆ ವಾಹನದ ವರ್ಗ. ಜಿನೀವಾ ಮಾದರಿಯಲ್ಲಿ ‘ಎ’ ಎಂದರೆ ಮೋಟಾರ್ ಸೈಕಲ್. ‘ಬಿ’ ಎಂದರೆ ಚಾಲಕನ ಸೀಟನ್ನು ಬಿಟ್ಟು ಹೆಚ್ಚೆಂದರೆ ಎಂಟು ಸೀಟುಗಳಿರುವ ಕಾರು ಅಥವಾ 3,500 ಕಿಲೋ ಮೀರದ ಸರಕು ವಾಹನ. ‘ಸಿ’, ‘ಡಿ’, ‘ಇ’ ಭಾರಿ ವಾಹನ, ಬಸ್ಸು ಮತ್ತು ಟ್ರೇಲರ್‌ಗಳಿಗೆ. ನಿಮ್ಮ ಡಿಎಲ್‌ನಲ್ಲಿ ಎಲ್‌ಎಂವಿ (ಲಘು ಮೋಟಾರು ವಾಹನ) ಮಾತ್ರ ಇದ್ದರೆ ಐಡಿಪಿಯಲ್ಲಿ ‘ಬಿ’ ಮಾತ್ರ ಬರುತ್ತದೆ. ಫುಕೆಟ್‌ನಲ್ಲೋ ಬಾಲಿಯಲ್ಲೋ ಸ್ಕೂಟರ್ ಓಡಿಸುವ ಯೋಚನೆ ಇದ್ದವರು ತಮ್ಮ ಕಾರ್ಡಿನಲ್ಲಿ ಎಂಸಿಡಬ್ಲ್ಯೂಜಿ (ಗೇರ್ ಇರುವ ಮೋಟಾರ್ ಸೈಕಲ್) ಇದೆಯೇ ಎಂದು ನೋಡಿಕೊಳ್ಳಬೇಕು. ಊರಿನಲ್ಲಿ ಹತ್ತು ವರ್ಷ ಬೈಕ್ ಓಡಿಸಿದ ಅನುಭವವನ್ನು ಅಲ್ಲಿಯ ಪೊಲೀಸರು ಪರಿಗಣಿಸುವುದಿಲ್ಲ. ಎಲ್‌ಎಲ್‌ಆರ್ ಇದ್ದವರಿಗೆ ಐಡಿಪಿ ಸಿಗುವುದಿಲ್ಲ.

ಕರ್ನಾಟಕದವರಿಗೆ ಇವೆಲ್ಲಕ್ಕಿಂತ ದೊಡ್ಡ ತಲೆನೋವು ಹೆಸರಿನದು. ನಮ್ಮಲ್ಲಿ ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಊರಿನದೊಂದು, ತಂದೆಯದೊಂದು. ಡಿಎಲ್‌ನಲ್ಲಿ ‘ಮಂಜುನಾಥ ಎಚ್. ಎಸ್.’ ಎಂದಿರುವ ವ್ಯಕ್ತಿಯ ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ‘ಹಾಸನ ಸುಬ್ಬರಾವ್’ ಎಂಬುದು ಸರ್‌ನೇಮ್ ಆಗಿ, ‘ಮಂಜುನಾಥ’ ಎಂಬುದು ಗಿವನ್ ನೇಮ್ ಆಗಿ ಕುಳಿತಿರುತ್ತದೆ. ನಮಗೆ ಇಬ್ಬರೂ ಒಬ್ಬರೇ, ಹೊರಗಿನವರಿಗೆ ಅವರು ಇಬ್ಬರು.

ಮ್ಯೂನಿಕ್‌ನ ಒಂದು ಕಾರು ಬಾಡಿಗೆ ಕೌಂಟರಿನಲ್ಲಿ ನನಗೇ ಇದು ಎದುರಾಯಿತು. ಅಲ್ಲಿದ್ದ ಮಹಿಳೆ ನನ್ನ ಪಾಸ್‌ಪೋರ್ಟನ್ನು ಎಡಕ್ಕೂ ಡಿಎಲ್ ಕಾರ್ಡನ್ನು ಬಲಕ್ಕೂ ಇಟ್ಟು, ಪೆನ್ನಿನ ತುದಿಯಿಂದ ಒಂದೊಂದೇ ಅಕ್ಷರವನ್ನು ಮುಟ್ಟುತ್ತ ಹೋಗಿ, ಕೊನೆಯಲ್ಲಿದ್ದ ಎರಡು ಬಿಡಿ ಅಕ್ಷರಗಳ ಬಳಿ ನಿಂತು, ‘ನಿಮ್ಮ ಮನೆತನದ ಹೆಸರು ಇದರಲ್ಲಿ ಎಲ್ಲಿದೆ?’ ಎಂದು ಕೇಳಿದರು. ನಾನು ಇನಿಷಿಯಲ್ ಪದ್ಧತಿಯನ್ನು ವಿವರಿಸತೊಡಗಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು, ಆದರೆ ಅವರ ಕಂಪ್ಯೂಟರಿಗೆ ವಿವರಣೆ ಬೇಕಿರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಐಡಿಪಿ. ಅದರಲ್ಲಿ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆಸರು ಬಿಡಿಸಿ ಬರೆಸಿಕೊಂಡಿದ್ದೆ, ಪಕ್ಕದಲ್ಲಿಯೇ ಡಿಎಲ್ ಸಂಖ್ಯೆಯೂ ಇತ್ತು. ಎರಡನ್ನೂ ಬೆಸೆಯುವ ಕೊಂಡಿ ಅದೊಂದೇ ಆಯಿತು.

ಆದರೆ ಇದನ್ನೇ ನೆಚ್ಚಿಕೊಳ್ಳಬಾರದು. ಡಿಎಲ್‌ನ ವಿವರಗಳನ್ನು ಕಂಪ್ಯೂಟರ್ ತಾನೇ ಎಳೆದುಕೊಳ್ಳುವುದರಿಂದ ಪುಸ್ತಿಕೆಯಲ್ಲಿಯೂ ಇನಿಷಿಯಲ್ಲೇ ಅಚ್ಚಾಗಿ ಬರಬಹುದು. ಸಮಯವಿದ್ದರೆ ಡಿಎಲ್‌ನಲ್ಲಿಯೇ ಹೆಸರನ್ನು ಪಾಸ್‌ಪೋರ್ಟಿಗೆ ಹೊಂದುವಂತೆ ತಿದ್ದಿಸಿಕೊಂಡು, ಹೊಸ ಕಾರ್ಡ್ ಕೈಗೆ ಬಂದ ಮೇಲೆ ಐಡಿಪಿಗೆ ಹೋಗುವುದೇ ಸರಿಯಾದ ದಾರಿ. ಸಮಯವಿಲ್ಲದಿದ್ದರೆ ಅರ್ಜಿ ಪರಿಶೀಲಿಸುವ ಅಧಿಕಾರಿಗೆ ಪಾಸ್‌ಪೋರ್ಟ್ ತೋರಿಸಿ, ಪುಸ್ತಿಕೆಯಲ್ಲಿ ಹೆಸರು ಹೇಗೆ ಬರುತ್ತದೆ ಎಂದು ಅಚ್ಚಾಗುವ ಮೊದಲೇ ಕೇಳಿಕೊಳ್ಳಿ.

ಸಾರಥಿಯಲ್ಲಿ ಅರ್ಜಿ

ಈಗ ಅರ್ಜಿಯ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಐಡಿಪಿಗೆ ಇರುವ ಅರ್ಜಿ ನಮೂನೆ 4ಎ. ಕೈಬರಹದಲ್ಲಿ ತುಂಬಿ ಕೊಡುವ ಕಾಲ ಮುಗಿದಿದ್ದು, ಈಗ ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿಯೇ ಅರ್ಜಿ ಸಲ್ಲಿಸಬೇಕು. ಮೊದಲು ರಾಜ್ಯ ಕರ್ನಾಟಕ ಎಂದು ಆಯ್ದುಕೊಂಡು, ಡಿಎಲ್‌ಗೆ ಸಂಬಂಧಿಸಿದ ಸೇವೆಗಳ ಪಟ್ಟಿಗೆ ಹೋಗಿ, ನವೀಕರಣ, ಡುಪ್ಲಿಕೇಟ್ ಮುಂತಾದವುಗಳ ಜೊತೆಯಲ್ಲಿಯೇ ಇರುವ ಐಡಿಪಿಯನ್ನು ಆರಿಸಿ. ಡಿಎಲ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಕೊಟ್ಟರೆ ನಿಮ್ಮ ವಿವರಗಳು ತೆರೆದುಕೊಳ್ಳುತ್ತವೆ. ಸಂಖ್ಯೆಯಲ್ಲಿ ಕೆಎ ಮತ್ತು ಆರ್‌ಟಿಒ ಸಂಕೇತ, ಅದರ ಹಿಂದೆ ನಾಲ್ಕು ಅಂಕಿಯ ವರ್ಷ, ಆಮೇಲೆ ಏಳು ಅಂಕಿಯ ಕ್ರಮಸಂಖ್ಯೆ ಇರಬೇಕು. ಹಳೆಯ ಕಾಲದ ಪುಸ್ತಕ ರೂಪದ ಡಿಎಲ್ ಇರುವವರ ದಾಖಲೆ ಅನೇಕ ವೇಳೆ ಕಂಪ್ಯೂಟರಿನಲ್ಲಿಯೇ ಇರುವುದಿಲ್ಲ. ಅಂಥವರು ಮೊದಲು ಆರ್‌ಟಿಒ ಕಚೇರಿಗೆ ಹೋಗಿ ‘ಬ್ಯಾಕ್‌ಲಾಗ್ ಎಂಟ್ರಿ’ ಮಾಡಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಪ್ರತ್ಯೇಕ ಸಮಯ ಇಟ್ಟುಕೊಳ್ಳಿ. ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆ ಹಳೆಯದಾಗಿದ್ದರೆ ಒಟಿಪಿ ಬರುವುದಿಲ್ಲ, ಆದ್ದರಿಂದ ಅದನ್ನೂ ಮೊದಲೇ ಬದಲಿಸಿಕೊಳ್ಳಬೇಕು.

ಅಪ್‌ಲೋಡ್ ಮಾಡಬೇಕಾದವು ಮುಖ್ಯವಾಗಿ ಡಿಎಲ್, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಸಿಕ್ಕಿದ್ದರೆ ವೀಸಾ, ವಿಳಾಸದ ಪುರಾವೆ ಮತ್ತು ಭಾವಚಿತ್ರ. ವೀಸಾ ಬೇಕಿಲ್ಲದ ಅಥವಾ ಇಳಿದ ಮೇಲೆ ವೀಸಾ ಕೊಡುವ ದೇಶಗಳಿಗೆ ಹೊರಟವರು ವಿಮಾನ ಟಿಕೆಟ್ಟಿನ ಪ್ರತಿಯನ್ನು ಜೊತೆಗಿಟ್ಟುಕೊಂಡರೆ ಮಾತು ಬೆಳೆಯುವುದಿಲ್ಲ. ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರ ನಿಯಮದಲ್ಲಿ ಈಗ ಕಡ್ಡಾಯವಲ್ಲದಿದ್ದರೂ, ಕೇಳಿದರೆ ಕೊಡಲು ಸಿದ್ಧವಾಗಿರಿ. ಶುಲ್ಕ ಸಾವಿರ ರೂಪಾಯಿ, ಅದರ ಮೇಲೆ ಸಣ್ಣ ಪುಟ್ಟ ಸೇವಾ ಶುಲ್ಕ ಬರಬಹುದು. ಆನ್‌ಲೈನಿನಲ್ಲಿಯೇ ಕಟ್ಟಿ, ರಸೀದಿಯನ್ನೂ ಅರ್ಜಿ ಸಂಖ್ಯೆ ಇರುವ ಸ್ವೀಕೃತಿ ಪತ್ರವನ್ನೂ ಮುದ್ರಿಸಿಟ್ಟುಕೊಳ್ಳಿ. ಹಣ ಕಟ್ಟಿದ ಮೇಲೂ ‘ವಿಫಲ’ ಎಂದು ತೋರಿಸಿದರೆ ಗಾಬರಿಯಿಂದ ಮತ್ತೊಮ್ಮೆ ಕಟ್ಟಬೇಡಿ. ಅದೇ ಜಾಲತಾಣದಲ್ಲಿ ಪಾವತಿಯ ಸ್ಥಿತಿ ಪರಿಶೀಲಿಸುವ ಅವಕಾಶವಿದೆ, ಮೊದಲು ಅದನ್ನು ನೋಡಿ.

ಮುಂದೆ ಕಚೇರಿಗೆ ಕರೆ ಬಂದರೆ ಮೂಲ ದಾಖಲೆಗಳೊಂದಿಗೆ ಹೋಗಬೇಕು. ನೀವು ವಾಸವಿರುವ ವ್ಯಾಪ್ತಿಯ ಆರ್‌ಟಿಒಗೆ ಈ ಅಧಿಕಾರ ಇರುವುದರಿಂದ, ಡಿಎಲ್ ಧಾರವಾಡದ್ದಾಗಿ ವಾಸ ಜಯನಗರದಲ್ಲಿ ಎಂಬಂಥ ಸಂದರ್ಭದಲ್ಲಿ ವಿಳಾಸದ ಪುರಾವೆ ಮುಖ್ಯವಾಗುತ್ತದೆ. ಕಚೇರಿಯ ಗೇಟಿನ ಹೊರಗೆ ನಿಂತಿರುವ ಏಜೆಂಟರು ‘ಇವತ್ತೇ ಕೊಡಿಸುತ್ತೇನೆ ಸಾರ್’ ಎಂದು ಎರಡು ಮೂರು ಪಟ್ಟು ಹಣ ಹೇಳುತ್ತಾರೆ. ಐಡಿಪಿಗೆ ಚಾಲನಾ ಪರೀಕ್ಷೆಯೇ ಇಲ್ಲ, ದಾಖಲೆಗಳು ಸರಿಯಿದ್ದರೆ ಯಾರ ಶಿಫಾರಸೂ ಬೇಕಿಲ್ಲ. ಅವರಿಗೆ ಕೊಡುವ ಹಣ ಹೆಚ್ಚಿನ ಸಲ ನಮ್ಮ ಅವಸರದ ದಂಡವೇ. ಹಾಗೆಂದು ತೀರ ಮುಂಚೆ ಮಾಡಿಸಿಕೊಳ್ಳುವುದೂ ಜಾಣತನವಲ್ಲ. ಒಂದು ವರ್ಷದ ಲೆಕ್ಕ ಪರ್ಮಿಟ್ ಕೊಟ್ಟ ದಿನದಿಂದ ಶುರುವಾಗುತ್ತದೆಯೇ ಹೊರತು ನೀವು ವಿಮಾನ ಹತ್ತಿದ ದಿನದಿಂದ ಅಲ್ಲ. ಪ್ರಯಾಣಕ್ಕೆ ಒಂದು ತಿಂಗಳು ಇರುವಾಗ ಅರ್ಜಿ ಹಾಕುವುದು ಹದವಾದ ಕಾಲ.

ಪುಸ್ತಿಕೆ ಕೈಗೆ ಬಂದ ಕೂಡಲೇ ಚೀಲಕ್ಕೆ ಸೇರಿಸದೆ ಕೌಂಟರಿನ ಬಳಿಯೇ ನಿಂತು ಬಿಡಿಸಿ ನೋಡಿ. ಚಾಲಕನ ವಿವರಗಳಿರುವ ಪುಟದಲ್ಲಿ ಸರ್‌ನೇಮ್, ಉಳಿದ ಹೆಸರು, ಹುಟ್ಟಿದ ಸ್ಥಳ, ಹುಟ್ಟಿದ ದಿನಾಂಕ, ಖಾಯಂ ವಾಸಸ್ಥಳ ಎಂಬ ಐದು ವಿವರಗಳಿರುತ್ತವೆ. ‘ಎ’ಯಿಂದ ‘ಇ’ವರೆಗಿನ ವರ್ಗಗಳಲ್ಲಿ ನಿಮಗೆ ಅರ್ಹತೆ ಇರುವುದರ ಎದುರಿಗೆ ಸೀಲು ಬಿದ್ದಿರಬೇಕು. ಕಾರು ಮತ್ತು ಬೈಕ್ ಎರಡಕ್ಕೂ ಡಿಎಲ್ ಇದ್ದು ‘ಬಿ’ ಎದುರು ಮಾತ್ರ ಸೀಲು ಇದ್ದರೆ ಅಲ್ಲಿಯೇ ಹೇಳಿ ಸರಿಪಡಿಸಿಕೊಳ್ಳಿ. ಭಾವಚಿತ್ರದ ಮೇಲೆ ಕಚೇರಿಯ ಮುದ್ರೆ, ಅಧಿಕಾರಿಯ ಸಹಿ, ನಿಮ್ಮ ಸಹಿ, ದಿನಾಂಕ ಇವು ನಾಲ್ಕೂ ಇರಬೇಕು. ಮೊದಲೆಲ್ಲ ಒಂದೊಂದು ರಾಜ್ಯದ ಪುಸ್ತಿಕೆ ಒಂದೊಂದು ಬಣ್ಣ, ಒಂದೊಂದು ಅಳತೆಯಲ್ಲಿದ್ದು ಹೊರದೇಶಗಳಲ್ಲಿ ಅನುಮಾನಕ್ಕೆ ಕಾರಣವಾಗುತ್ತಿತ್ತು. 2022ರ ಆಗಸ್ಟ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇಡೀ ದೇಶಕ್ಕೆ ಒಂದೇ ಮಾದರಿಯನ್ನು ಗೊತ್ತುಪಡಿಸಿ, ಐಡಿಪಿಯನ್ನು ಡಿಎಲ್ ಜೊತೆ ಜೋಡಿಸುವ ಕ್ಯೂಆರ್ ಕೋಡ್ ಸೇರಿಸಿತು. ನಿಮ್ಮ ಪುಸ್ತಿಕೆಯಲ್ಲಿ ಆ ಕೋಡ್ ಇದೆಯೇ, ಅದು ಮಸುಕಾಗಿಲ್ಲವೇ ಎಂದು ಕಣ್ಣಾಡಿಸಿ.

ಅಲ್ಲಿ ಇಳಿದ ಮೇಲೆ

ಬಾಡಿಗೆ ಕಾರಿನ ಕೌಂಟರಿನಲ್ಲಿ ಡಿಎಲ್ ಕಾರ್ಡ್, ಐಡಿಪಿ, ಪಾಸ್‌ಪೋರ್ಟ್ ಮೂರನ್ನೂ ಮೂಲದಲ್ಲಿಯೇ ಕೊಡಬೇಕು. ನಮ್ಮ ಟ್ರಾಫಿಕ್ ಪೊಲೀಸರಿಗೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ತೋರಿಸುವ ಅಭ್ಯಾಸದಲ್ಲಿ ಕಾರ್ಡನ್ನು ಮನೆಯ ಬೀರುವಿನಲ್ಲಿ ಬಿಟ್ಟು ಹೋದವರಿದ್ದಾರೆ. ವಿದೇಶದಲ್ಲಿ ಮೊಬೈಲಿನ ಪರದೆ ಡಿಎಲ್ ಆಗುವುದಿಲ್ಲ. ಚಾಲಕನ ಹೆಸರಿನಲ್ಲಿಯೇ ಇರುವ ಕ್ರೆಡಿಟ್ ಕಾರ್ಡ್ ಕೇಳುವುದು ವಾಡಿಕೆ. ಡಿಎಲ್ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕೆಂಬ ಷರತ್ತೂ, ಇಪ್ಪತ್ತೈದಕ್ಕಿಂತ ಚಿಕ್ಕ ವಯಸ್ಸಿನವರಿಗೆ ಹೆಚ್ಚುವರಿ ಶುಲ್ಕವೂ ಅನೇಕ ಕಡೆ ಇರುತ್ತವೆ. ಗಂಡ ಹೆಂಡತಿ ಇಬ್ಬರೂ ಓಡಿಸುವ ಯೋಚನೆ ಇದ್ದರೆ ಇಬ್ಬರಿಗೂ ಪ್ರತ್ಯೇಕ ಐಡಿಪಿ ಬೇಕು, ಇಬ್ಬರ ಹೆಸರೂ ಬಾಡಿಗೆ ಕರಾರಿನಲ್ಲಿ ಇರಬೇಕು.

ಕರ್ನಾಟಕದ ಡಿಎಲ್ ಕಾರ್ಡ್ ಇಂಗ್ಲಿಷಿನಲ್ಲಿಯೇ ಇರುವಾಗ ಅನುವಾದದ ಅಗತ್ಯವೇನು ಎಂದು ಕೆಲವರು ಕೇಳುತ್ತಾರೆ. ಇಂಗ್ಲಿಷ್ ನಡೆಯುವ ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಈ ಮಾತು ನಿಜ. ಪ್ರವಾಸಿಗಳು ಮೂಲ ಡಿಎಲ್ ಮೇಲೆಯೇ ಓಡಿಸಬಹುದು. ಕ್ಯಾಲಿಫೋರ್ನಿಯಾ ಸರ್ಕಾರ ಐಡಿಪಿಯನ್ನು ಲೈಸೆನ್ಸ್ ಎಂದು ಪರಿಗಣಿಸುವುದೇ ಇಲ್ಲ, ಅದಕ್ಕೆ ಬೇಕಾಗಿರುವುದು ನಿಮ್ಮ ದೇಶದ ಸಿಂಧುವಾದ ಲೈಸೆನ್ಸ್. ಇಟಲಿಯಂಥ ದೇಶದಲ್ಲಿ ಹಾಗಲ್ಲ, ಅಲ್ಲಿ ಐಡಿಪಿ ಅಥವಾ ಅಧಿಕೃತ ಅನುವಾದ ಇಲ್ಲದಿದ್ದರೆ ದಂಡ ಬೀಳುತ್ತದೆ.

ನೆಲೆಸಲು ಹೋಗುವವರಿಗೆ

ಜರ್ಮನಿಯಲ್ಲಿ ವಾಸ ಆರಂಭಿಸಿದ ದಿನದಿಂದ ಆರು ತಿಂಗಳವರೆಗೆ ಭಾರತದ ಡಿಎಲ್ ನಡೆಯುತ್ತದೆ. ಒಟ್ಟು ವಾಸ ಹನ್ನೆರಡು ತಿಂಗಳು ಮೀರುವುದಿಲ್ಲ ಎಂದು ದಾಖಲೆ ಸಮೇತ ತೋರಿಸಿದರೆ ಇನ್ನಾರು ತಿಂಗಳು ವಿಸ್ತರಿಸಿಕೊಳ್ಳಬಹುದು. ಆಮೇಲೆ ಜರ್ಮನ್ ಲೈಸೆನ್ಸ್ ಬೇಕು. ಪರೀಕ್ಷೆಯಿಲ್ಲದೆ ಬದಲಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲದ ಕಾರಣ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆ ಎರಡನ್ನೂ ಕೊಡಬೇಕು. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಬೇತಿಯ ಪ್ರಮಾಣಪತ್ರ ಇವೂ ಬೇಕು. ಲಿಖಿತ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಆದರೆ ರಸ್ತೆಯ ಮೇಲಿನ ಪರೀಕ್ಷೆಯಲ್ಲಿ ಪರೀಕ್ಷಕರು ಜರ್ಮನ್‌ನಲ್ಲಿಯೇ ಸೂಚನೆ ಕೊಡುತ್ತಾರೆ. ಎಡ, ಬಲ, ಮುಂದಿನ ಅಡ್ಡರಸ್ತೆ ಎಂಬಷ್ಟಾದರೂ ಕಲಿತಿರಬೇಕು. ಐದನೆಯ ತಿಂಗಳಿನಲ್ಲಿ ಎಚ್ಚೆತ್ತವರಿಗೆ ಪರೀಕ್ಷೆಯ ದಿನಾಂಕ ಸಿಗುವ ಹೊತ್ತಿಗೆ ಗಡುವು ದಾಟಿರುತ್ತದೆ. ಅಲ್ಲಿಗೆ ಹೋಗಿ ವಿಳಾಸ ನೋಂದಾಯಿಸಿದ ವಾರದಲ್ಲಿಯೇ ಅರ್ಜಿಯ ಕೆಲಸ ಶುರು ಮಾಡುವುದು ಉತ್ತಮ.

ನೆದರ್‌ಲೆಂಡ್ಸ್‌ನಲ್ಲಿ ಗಡುವು 185 ದಿನ. ಅಲ್ಲಿ ನಮ್ಮ ಐಟಿ ಉದ್ಯೋಗಿಗಳಿಗೆ ಒಂದು ಅನುಕೂಲವಿದೆ, ಎಷ್ಟೋ ಜನರಿಗೆ ಅದು ಗೊತ್ತಿರುವುದಿಲ್ಲ. ವಿಶೇಷ ಪರಿಣತಿಯ ವಲಸಿಗರಿಗೆ ಸಿಗುವ ‘ಶೇ 30’ ತೆರಿಗೆ ಸೌಲಭ್ಯ ಮಂಜೂರಾಗಿದ್ದರೆ, ಭಾರತದ ಡಿಎಲ್ಲನ್ನು ಪರೀಕ್ಷೆಯಿಲ್ಲದೆಯೇ ಡಚ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬಹುದು. ಬ್ರಿಟನ್‌ನಲ್ಲಿ ಹನ್ನೆರಡು ತಿಂಗಳ ಅವಕಾಶ ಇದೆ. ಅಷ್ಟರೊಳಗೆ ಪ್ರೊವಿಷನಲ್ (ಕಲಿಕಾ) ಲೈಸೆನ್ಸ್ ಪಡೆದು, ಥಿಯರಿ ಮತ್ತು ಪ್ರಾಯೋಗಿಕ ಪರೀಕ್ಷೆ ಮುಗಿಸಿಕೊಳ್ಳಬೇಕು.

ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ನಿಯಮವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಯಾದ ಹತ್ತು ದಿನದೊಳಗೆ, ನ್ಯೂಯಾರ್ಕ್‌ನಲ್ಲಿ ಮೂವತ್ತು ದಿನದೊಳಗೆ, ಟೆಕ್ಸಾಸ್‌ನಲ್ಲಿ ತೊಂಬತ್ತು ದಿನದೊಳಗೆ ಆ ರಾಜ್ಯದ ಲೈಸೆನ್ಸ್ ಪಡೆಯಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ತಾತ್ಕಾಲಿಕ ವೀಸಾದವರಿಗೆ ಮೊದಲು ಈ ಗಡುವಿನ ಕಾಟ ಇರಲಿಲ್ಲ, 2023ರ ಜುಲೈನಿಂದ ಅವರಿಗೂ ಆರು ತಿಂಗಳ ಮಿತಿ ಬಂದಿದೆ.

ಕೆನಡಾದ ಒಂಟಾರಿಯೊದಲ್ಲಿ ಹೊಸ ನಿವಾಸಿಗಳಿಗೆ ಅರವತ್ತು ದಿನ. ಅಲ್ಲಿಗೆ ಹೊರಡುವವರು ಊರು ಬಿಡುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ. ಹಂತ ಹಂತವಾಗಿ ಲೈಸೆನ್ಸ್ ಕೊಡುವ ಆ ವ್ಯವಸ್ಥೆಯಲ್ಲಿ ಹಿಂದಿನ ಚಾಲನಾ ಅನುಭವಕ್ಕೆ ಮನ್ನಣೆ ಸಿಗಬೇಕಾದರೆ ಡಿಎಲ್ ಕೊಟ್ಟ ಪ್ರಾಧಿಕಾರದಿಂದಲೇ ಪುರಾವೆ ಬೇಕು. ಸಾರಥಿಯಲ್ಲಿ ‘ಡಿಎಲ್ ಎಕ್ಸ್‌ಟ್ರಾಕ್ಟ್’ ಎಂಬ ಸೇವೆ ಇದೆ. ಡಿಎಲ್ ಮೊದಲು ಯಾವಾಗ ಸಿಕ್ಕಿತು, ಯಾವ ವರ್ಗಕ್ಕೆ ಎಂಬ ವಿವರ ಇರುವ ಆ ಪತ್ರವನ್ನು ಆರ್‌ಟಿಒ ಸಹಿ ಮತ್ತು ಸೀಲಿನೊಂದಿಗೆ ಪಡೆದಿಟ್ಟುಕೊಂಡರೆ ಅಲ್ಲಿ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ. ಟೊರಾಂಟೊದಲ್ಲಿ ಕುಳಿತು ಇದನ್ನು ತುಮಕೂರಿನಿಂದ ತರಿಸಿಕೊಳ್ಳುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಕರಾವಳಿಯ ಮನೆಮನೆಗೂ ನಂಟಿರುವ ದುಬೈನಲ್ಲಿ ಭೇಟಿ ವೀಸಾದ ಮೇಲೆ ಹೋದವರು ಐಡಿಪಿ ತೋರಿಸಿ ಬಾಡಿಗೆ ಕಾರು ಓಡಿಸಬಹುದು. ರೆಸಿಡೆನ್ಸ್ ವೀಸಾ ಆದ ಮೇಲೆ ಅದೇ ಪುಸ್ತಿಕೆ ಕೆಲಸಕ್ಕೆ ಬಾರದು. ಅಣ್ಣನ ಕಾರನ್ನು ಸಂಜೆ ಹೊತ್ತು ಓಡಿಸುತ್ತಿದ್ದ ತಮ್ಮ, ಕೆಲಸ ಸಿಕ್ಕಿ ವೀಸಾ ಬದಲಾದ ಮರುದಿನವೂ ಅಭ್ಯಾಸಬಲದಿಂದ ಕೀಲಿ ಎತ್ತಿಕೊಂಡರೆ ಅದು ಲೈಸೆನ್ಸ್ ಇಲ್ಲದ ಚಾಲನೆಯೇ ಆಗುತ್ತದೆ. ಭಾರತದ ಡಿಎಲ್ ಇರುವವರು ತರಬೇತಿಯ ತರಗತಿಗಳನ್ನು ಬಿಟ್ಟು ನೇರವಾಗಿ ಪರೀಕ್ಷೆಗೆ ಕೂರುವ ‘ಗೋಲ್ಡನ್ ಚಾನ್ಸ್’ ಎಂಬ ಒಂದೇ ಸಲದ ಅವಕಾಶವನ್ನು ದುಬೈನ ಸಾರಿಗೆ ಪ್ರಾಧಿಕಾರ 2023ರಲ್ಲಿ ತಂದಿತು. ಪಾಸಾಗದಿದ್ದರೆ ಮಾಮೂಲಿ ತರಗತಿಗಳ ದಾರಿ ಹಿಡಿಯಬೇಕು.

ಹೊರದೇಶದಲ್ಲಿ ಇರುವಾಗಲೇ ಐಡಿಪಿ ಮುಗಿದುಹೋದರೆ ಏನು ಮಾಡುವುದು ಎಂಬುದಕ್ಕೆ 2021ರ ಜನವರಿಯ ಅಧಿಸೂಚನೆ ಒಂದು ದಾರಿ ಮಾಡಿದೆ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಿದರೆ ಅದು ನಿಮ್ಮ ಆರ್‌ಟಿಒಗೆ ಬಂದು, ಹೊಸ ಪರ್ಮಿಟ್ ಕೊರಿಯರ್‌ನಲ್ಲಿ ನಿಮ್ಮ ವಿಳಾಸಕ್ಕೆ ಬರುತ್ತದೆ. ಭಾರತದಲ್ಲಿ ಐಡಿಪಿಗೆ ಅರ್ಜಿ ಹಾಕುವವರು ವೀಸಾ ಪ್ರತಿಯನ್ನೂ ವೈದ್ಯಕೀಯ ಪ್ರಮಾಣಪತ್ರವನ್ನೂ ಕೊಡಲೇಬೇಕೆಂಬ ಷರತ್ತನ್ನು ತೆಗೆದುಹಾಕಿದ್ದೂ ಇದೇ ಅಧಿಸೂಚನೆ. ಆದರೆ ಒಂದು ವರ್ಷ ಮೀರಿ ಅಲ್ಲಿಯೇ ಇರುವವರು ಹೆಚ್ಚಿನ ದೇಶಗಳಲ್ಲಿ ನಿವಾಸಿಗಳೇ ಆಗಿಬಿಟ್ಟಿರುತ್ತಾರೆ. ಅಂಥವರಿಗೆ ಹೊಸ ಪುಸ್ತಿಕೆಯಿಂದ ಏನು ಪ್ರಯೋಜನ ಎಂದು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಬೇಕು. ಗಂಟೆಯೊಳಗೆ ಇ-ಮೇಲಿನಲ್ಲಿ ಐಡಿಪಿ ಕಳಿಸುತ್ತೇವೆ, ಮೂರು ವರ್ಷ ಅಥವಾ ಹತ್ತು ವರ್ಷ ನಡೆಯುತ್ತದೆ ಎಂದು ಹೇಳುವ ಜಾಲತಾಣಗಳ ಬಲೆಗೆ ಬೀಳುವವರು ಇಂಥ ಅವಸರದಲ್ಲಿರುವವರೇ. ಭಾರತದ ಪರ್ಮಿಟ್ ಒಂದು ವರ್ಷಕ್ಕಿಂತ ಹೆಚ್ಚು ಇರಲು ಸಾಧ್ಯವೇ ಇಲ್ಲ. ಡಿಎಲ್ ಯಾವ ದೇಶದ್ದೋ ಐಡಿಪಿ ಆ ದೇಶದಿಂದಲೇ ಬರಬೇಕಾದ್ದರಿಂದ, ಅಮೆರಿಕದ ಸಂಸ್ಥೆಗಳೂ ನಮ್ಮ ಡಿಎಲ್ ಮೇಲೆ ಅದನ್ನು ಕೊಡುವಂತಿಲ್ಲ.

ಮಕ್ಕಳ ಮನೆಗೆಂದು ಆರು ತಿಂಗಳಿಗೆ ಅಮೆರಿಕಕ್ಕೆ ಹೋಗುವ ತಂದೆ ತಾಯಿಯರದು ಪ್ರತ್ಯೇಕ ಸಂಗತಿ. ಅವರು ಪ್ರವಾಸಿಗಳೇ ಆದ್ದರಿಂದ ಡಿಎಲ್ ಮತ್ತು ಐಡಿಪಿ ಅವರಿಗೆ ಸಲ್ಲುತ್ತವೆ. ಮೊಮ್ಮಗುವನ್ನು ಶಾಲೆಗೆ ಬಿಡಲೋ ದೇವಸ್ಥಾನಕ್ಕೆ ಹೋಗಲೋ ಮಗನ ಕಾರನ್ನು ತೆಗೆದುಕೊಳ್ಳಬಹುದು. ಅದಕ್ಕೆ ಮೊದಲು ಮಗ ತನ್ನ ಕಾರು ವಿಮೆಯ ಕಂಪನಿಗೆ ಕರೆ ಮಾಡಿ, ತಮ್ಮ ಮನೆಯಲ್ಲಿ ಇಷ್ಟು ತಿಂಗಳು ಉಳಿಯುವ, ಭಾರತದ ಡಿಎಲ್ ಇರುವ ತಂದೆ ಈ ಕಾರನ್ನು ಓಡಿಸುತ್ತಾರೆ ಎಂದು ತಿಳಿಸಿ, ಪಾಲಿಸಿಯಲ್ಲಿ ಅವರ ಹೆಸರು ಸೇರಿಸಬೇಕೇ ಎಂದು ಕೇಳಿ, ಉತ್ತರವನ್ನು ಇ-ಮೇಲಿನಲ್ಲಿ ತರಿಸಿಕೊಂಡು, ಅದರ ಒಂದು ಪ್ರತಿಯನ್ನು ಐಡಿಪಿ ಜೊತೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬೇಕು.